ಅತ್ತೆ ಮುಟ್ಟದ ತುಪ್ಪಳ

ಮಿಷಿಗನ್‌ನ ಉತ್ತರ ತುದಿಯಲ್ಲಿ, ಸರೋವರದ ದಂಡೆಯ ಮೇಲೆ, ಹಿಂದಿನ ಕಾಲದ ತುಪ್ಪಳ ವ್ಯಾಪಾರಿಗಳ ಕೋಟೆಯೊಂದನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ನೀರು ಹೆಪ್ಪುಗಟ್ಟಿದ ಮೇಲೆ ತುಪ್ಪಳ ಸಾಗಿಸಲು ಬಂದ ಹಡಗಿನವರು ಮರದ ದಿಮ್ಮಿಗಳ ಬೇಲಿಯೊಳಗೆ ಚಳಿಗಾಲ ಕಳೆಯುತ್ತಿದ್ದ ಜಾಗ ಅದು. ಮೈಸೂರಿನಿಂದ ಬಂದಿದ್ದ ಅತ್ತೆಯನ್ನೂ ನನ್ನ ಮಗಳನ್ನೂ ಕೂರಿಸಿಕೊಂಡು, ಅಕ್ಟೋಬರ್ ಕೊನೆಯಲ್ಲಿ, ನಾವಿರುವ ಆನ್ ಆರ್ಬರ್‌ನಿಂದ ಅಲ್ಲಿಯವರೆಗೆ ನಾನೇ ಡ್ರೈವ್ ಮಾಡಿದೆ. ಅತ್ತೆಗೆ ನನ್ನ ದಪ್ಪ ಕೋಟು ಹಾಕಿಸಿದ್ದೆ.

ಹಡಗಿನವರು ಮಲಗುತ್ತಿದ್ದ ಕೋಣೆಯಲ್ಲಿ ಗೈಡ್ ಹುಡುಗಿ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳವೊಂದನ್ನು ಎಲ್ಲರ ಕೈಗೂ ಕೊಟ್ಟಳು. ಹಡಗಿನವರು ಇಷ್ಟು ದೂರ ಬಂದು ಚಳಿ ಸಹಿಸುತ್ತಿದ್ದುದು ಇದಕ್ಕಾಗಿಯೇ ಎಂದಳು. ಅತ್ತೆಯ ಸರದಿ ಬಂದಾಗ ಅವರು ಗೋಡೆಗೆ ಒತ್ತಿಕೊಂಡು ನಿಂತರು.

“ಸತ್ತ ಪ್ರಾಣಿ ಚರ್ಮ, ನಾನು ಮುಟ್ಟಲ್ಲ. ಮನೆಗೆ ಹೋದ್ಮೇಲೆ ನೀವಿಬ್ರೂ ಸ್ನಾನ ಮಾಡ್ಬಿಡಿ.”

ಬೆಳಗಿನಿಂದ ಕಾರು ಓಡಿಸಿದವಳಿಗೆ ಸ್ನಾನದ ಆಜ್ಞೆ! ನನಗೆ ಮೈ ಉರಿಯಿತು.

“ಉಪನಯನದಲ್ಲಿ ನಿಮ್ಮ ಮಗನ ಜನಿವಾರಕ್ಕೆ ಜಿಂಕೆ ಚರ್ಮ ಕಟ್ಟಿರ್ಲಿಲ್ವಾ ಅತ್ತೆ?”

“ಅದು ಬೇರೆ,” ಎಂದರು.

ಹೊರಗೆ ಸರೋವರದ ಗಾಳಿ ಮುಖಕ್ಕೆ ರಪ್ಪನೆ ಹೊಡೆಯುತ್ತಿತ್ತು. ಅತ್ತೆಯ ಕೋಟಿನ ಹೊಲಿಗೆಯಿಂದ ಇಣುಕುತ್ತಿದ್ದ ಬಿಳಿ ಪುಕ್ಕವೊಂದನ್ನು ಮಗಳು ಎಳೆದು ತೆಗೆದಳು.

“ಅಜ್ಜಿ, ಯುವರ್ ಕೋಟ್ ಈಸ್ ಫುಲ್ ಆಫ್ ಡಕ್ ಫೆದರ್ಸ್!”

ತಾವು ತೊಟ್ಟಿರುವುದು ಬಾತುಕೋಳಿ ಪುಕ್ಕ ತುಂಬಿದ ಕೋಟು ಎಂದು ಅತ್ತೆಗೆ ಚೆನ್ನಾಗಿಯೇ ಅರ್ಥವಾಯಿತು. ಕೋಟನ್ನು ಒಮ್ಮೆ ನೋಡಿಕೊಂಡರು. ಸರೋವರವನ್ನು ನೋಡಿದರು. ಆಮೇಲೆ ನನ್ನ ಕಡೆ ಕುತ್ತಿಗೆ ಚಾಚಿದರು.

“ಜಿಪ್ ಸ್ವಲ್ಪ ಮೇಲಕ್ಕೆ ಎಳಿಯಮ್ಮ, ಗಾಳಿ ಬರ್ತಿದೆ.”