ನಾಲಗೆಗೆ ಇಡದ ಮಣ್ಣು

ನಮ್ಮ ಮಾವ ಮಣ್ಣಿನ ರುಚಿ ನೋಡುತ್ತಿದ್ದರು. ಮಣ್ಣಿನ ಗಾಡಿ ಬಂದು ನಿಂತರೆ ಒಂದು ಚಿಟಿಕೆ ನಾಲಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಮರಳೆಷ್ಟು ಉಪ್ಪೆಷ್ಟು ಎಂದು ಹೇಳಿಬಿಡುವರು. ಸುತ್ತಿನ ಕುಂಬಾರರೆಲ್ಲ ಅವರನ್ನು ನೋಡಿಯೇ ಕಲಿತವರು. ನನ್ನ ತವರು ಹೊಣಕೆರೆಯ ಕೆರೆಮಣ್ಣಲ್ಲದೆ ಬೇರೆಯದನ್ನು ಮದುವೆ ಮಡಕೆಗೆ ಅವರು ಮುಟ್ಟಿದವರಲ್ಲ. ಬಾಬುರಾಯನಕೊಪ್ಪಲಿನ ಆ ಮನೆಯ ಸೊಸೆ ಎಂದು ನನಗೆ ಬಲು ಜಂಬವಿತ್ತು.

ಕಾಳಗದಲ್ಲಿ ಕೋಟೆ ಬಿದ್ದ ವರ್ಷ ದಂಡಿನವರು ನಮ್ಮ ಎತ್ತುಗಳನ್ನು ಹೊಡೆದುಕೊಂಡು ಹೋದರು. ಹೊಣಕೆರೆಗೆ ಗಾಡಿ ಹೋಗುವಂತಿರಲಿಲ್ಲ. ಊರ ಗೌಡರ ಮನೆಯಲ್ಲಿ ಮದುವೆ, ಶಾಸ್ತ್ರದ ಮಡಕೆಗಳು ನಮ್ಮಲ್ಲಿಂದಲೇ ಹೋಗಬೇಕು. ಮಾವ ನನ್ನನ್ನು ಹೊಳೆಯಾಚೆ ಕೋಟೆಯ ಕಂದಕಕ್ಕೆ ಕಳಿಸಿದರು. ಅಲ್ಲಿಯ ಕೆಸರು ಬೆಣ್ಣೆಯಷ್ಟು ನುಣುಪು. ಅದರಲ್ಲಿ ಏನೇನು ಕೊಳೆತಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಬುಟ್ಟಿಯಿಂದ ಸೋರಿದ ನೀರು ಕುತ್ತಿಗೆಗಿಳಿದು, ದಾರಿಯುದ್ದಕ್ಕೂ ಉಗಿಯುತ್ತಲೇ ಬಂದೆ.

ಅಂಗಳದಲ್ಲಿ ಮಣ್ಣು ತುಳಿಯುವಾಗ ಕಾಲ್ಬೆರಳಿಗೆ ಕೂದಲು ಸುತ್ತಿಕೊಂಡಿತು. ಕುದುರೆಯದು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹಿಮ್ಮಡಿಗೆ ಒಂದು ಹಲ್ಲು ಚುಚ್ಚಿತು. ಕುದುರೆಯ ಹಲ್ಲು ಅಷ್ಟು ಸಣ್ಣದಿರುವುದಿಲ್ಲ.

"ಮಾವ, ಈ ಮಣ್ಣ ನಾಲ್ಗೆಗೆ ಇಡ್ನೇ ಇಲ್ವಲ್ಲ ನೀವು?" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. "ಸುಮ್ಕೆ ತುಳಿ ಕಣವ್ವ. ಬೆಂಕಿಗೋದ್ಮೇಲೆ ಎಲ್ಲಾ ಒಂದೇಯ."

ಸುಟ್ಟ ಮಡಕೆಗಳನ್ನು ಆವಿಗೆಯಿಂದ ತೆಗೆದಾಗ ಒಂದೂ ಸೀಳು ಬಿಟ್ಟಿರಲಿಲ್ಲ. ಬೆರಳಿಂದ ತಟ್ಟಿದರೆ ಕಂಚಿನ ಹಾಗೆ ದನಿ. ಅಷ್ಟು ಚೆಂದದ ಮಡಕೆಗಳನ್ನು ಅವರು ಎಂದೂ ಮಾಡಿರಲಿಲ್ಲ, ಅದೇ ನನಗೆ ಇನ್ನಷ್ಟು ಹೇಸಿಗೆ. ಈ ಮಡಕೆಯ ನೀರನ್ನು ಏನೂ ಅರಿಯದ ಮದುಮಗಳು ಕುಡಿಯುತ್ತಾಳೆ. ಹೇಗಾದರೂ ತಡೆಯಬೇಕಿತ್ತು.

ಮದುವೆ ಮಡಕೆ ಕುಂಬಾರರ ಹೊಸಿಲು ದಾಟುವ ಮೊದಲು ಮನೆಯ ಹಿರಿಯರು ಅದರಲ್ಲಿ ಒಂದು ಗುಟುಕು ನೀರು ಕುಡಿಯುವುದು ನಮ್ಮ ಪದ್ಧತಿ. ಗೌಡತಿ ಹೆಂಗಸರೊಂದಿಗೆ ಆರತಿ ಹಿಡಿದು ಬಂದಳು. ಮಾವ ಪದ್ಧತಿಯನ್ನೇ ಮರೆತವರಂತೆ ಮಡಕೆಗೆ ಸುಣ್ಣ ಬಳಿಯುತ್ತಾ ಕೂತರು. ನಾನು ಬೇಕೆಂತಲೇ ಎಲ್ಲರೆದುರು ಒಂದು ಮಡಕೆಗೆ ತುಸು ನೀರು ಹುಯ್ದು ಅವರ ಮುಂದೆ ಹಿಡಿದೆ. ಕುಡಿಯಲಾರರು, ಸತ್ಯ ಬಾಯಿಗೆ ಬರುತ್ತದೆ ಎಂದುಕೊಂಡಿದ್ದೆ.

ಕುಡಿದರು. ಒಂದು ಗುಟುಕಲ್ಲ, ಗಟಗಟನೆ ಅಷ್ಟೂ ನೀರನ್ನು. ಮೀಸೆ ಒರೆಸಿಕೊಂಡು, "ತಕಂಡೋಗಿ ತಾಯಿ, ಒಳ್ಳೇದಾಗ್ಲಿ" ಎಂದರು. ಹೆಂಗಸರು ಸೋಬಾನೆ ಹಾಡುತ್ತಾ ಮಡಕೆ ಹೊತ್ತು ನಡೆದರು.

ಅವರು ತಿರುವು ದಾಟಿದ ಮೇಲೆ ಮಾವ ಆವಿಗೆಯ ಹಿಂದೆ ಹೋಗಿ ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡರು. ಬಾಯಿ ಮುಕ್ಕಳಿಸಿ ಬಂದು, "ಇನ್ನೊಂದೆರಡು ಬುಟ್ಟಿ ಅದೇ ಮಣ್ಣ ತತ್ತಾ ಕಣವ್ವ" ಎಂದರು.

ಥೂ ಎಂದು ಉಗಿದೆ. ಉಗಿದು, ಬುಟ್ಟಿ ತೆಗೆದುಕೊಂಡು ಹೋದೆ.