ಏಳನೆಯ ಚಿಪ್ಪು

ಕೊಬ್ಬರಿ ಇಳಿಸಲು ಮೊನ್ನೆ ಅಟ್ಟ ಹತ್ತಿದ್ದೆ. ಮೂಲೆಯಲ್ಲಿ ಒಂದು ಖಾಲಿ ಚಿಪ್ಪು ಕೈಗೆ ಸಿಕ್ಕಿತು. ಒಲೆಗೆ ಹಾಕೋಣವೆಂದು ತಿರುಗಿಸಿದರೆ ತಳದಲ್ಲಿ ಮೇಣ ಮೆತ್ತಿಕೊಂಡಿದೆ, ಅಂಚು ಕಪ್ಪಾಗಿದೆ. ನರ್ಸಮ್ಮನ ಚಿಪ್ಪು...

ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಅವರು ಬಾಡಿಗೆಗಿದ್ದರು. ತಿಪಟೂರಿನ ನಮ್ಮ ಬೀದಿಗೆಲ್ಲ ಅದೊಂದೇ ಕ್ರೈಸ್ತರ ಮನೆ. ಸಂಜೆ ಡ್ಯೂಟಿ ಮುಗಿಸಿ ಬಂದು ಜಪಸರ ಹಿಡಿದು ಕೂತರೆ ಅವರ ದನಿ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. "ಶುರುವಾಯ್ತು ನೋಡು ನರ್ಸಮ್ಮನ ರೇಡಿಯೋ" ಅಂತ ಅಣ್ಣ ನಗಾಡುತ್ತಿದ್ದ.

ಅಣ್ಣ ಲಗೇಜ್ ಆಟೋ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಹಂದನಕೆರೆ ಕಡೆಗೆ ಕೊಬ್ಬರಿ ಒಡೆಯಲು ಹೊರಟ ನಮ್ಮ ಬೀದಿಯ ಹೆಂಗಸರನ್ನು ತುಂಬಿಕೊಂಡು ಹೋದವನು, ಏರಿಯ ತಿರುವಿನಲ್ಲಿ ಗಾಡಿ ಸಮೇತ ಕೆರೆಗೆ ಬಿದ್ದ. ಆರು ಜನ ಹೆಂಗಸರು ಹೋದರು. ಅಣ್ಣನೂ ಹೋದ. ಆದರೆ ಊರು ಎಣಿಸಿದ್ದು ಆರನ್ನೇ. ಫ್ಲೆಕ್ಸ್ ಕಟ್ಟಿದರು, ಅದರಲ್ಲಿ ಆರು ಫೋಟೋ. "ಕೊಂದೋನ್ಗೆ ಅಳೋದೊಂದ್ ಕೇಡು" ಅಂದರು ಯಾರೋ, ನಮಗೆ ಕೇಳುವ ಹಾಗೇ. ಅಮ್ಮ ಅವತ್ತಿನಿಂದ ಬಾಯಿಗೆ ಸೆರಗು ತುರುಕಿಕೊಂಡೇ ಅತ್ತಳು. ತಪ್ಪು ಅವನದೇ ಇರಬಹುದು, ಓವರ್‌ಲೋಡ್ ಅಂತೂ ನಿಜ. ಹಾಗಂತ ಹೆತ್ತವಳು ಗಟ್ಟಿಯಾಗಿ ಅಳಬಾರದೇ?

ಮಣ್ಣು ಮಾಡಿದ ಮಾರನೆಯ ದಿನ ನರ್ಸಮ್ಮ ಹಿತ್ತಿಲಿಗೆ ಬಂದರು. "ಏಳು ಚಿಪ್ಪು ಕೊಡಮ್ಮ. ಜಗಲಿ ಮೇಲೆ ಮೇಣದ ಬತ್ತಿ ಹಚ್ಚಿಡ್ತೀನಿ, ಗಾಳಿಗೆ ಆರಬಾರ್ದು. ಒಂಬತ್ತು ದಿನ ಪ್ರಾರ್ಥನೆ ಮಾಡ್ತೀನಿ." ಏಳು ಯಾಕೆಂದು ನನಗೆ ಹೊಳೆಯಲೇ ಇಲ್ಲ. ಬಂದದ್ದು ಸಿಟ್ಟು. ಪ್ರಾರ್ಥನೆಯಂತೆ! ಬೀಳುವಾಗ ಹಿಡಿಯದ ದೇವರಿಗೆ ಈಗೇನು ಹೇಳುವುದು? ಆದರೂ ಗಟ್ಟಿಯಾದವನ್ನೇ ಆರಿಸಿ ಕೊಟ್ಟೆ.

ಸಂಜೆ ಗೋಡೆಯಾಚೆ ಒಂದೊಂದೇ ಹೆಸರು ಕೇಳಿತು. ಒಂದು ಹೆಸರು, ಆಮೇಲೆ "ಇವರನ್ನ ನಿನ್ನ ಹತ್ರ ಇರಿಸ್ಕೊಳಪ್ಪಾ". ಏಳನೆಯದು ಅಣ್ಣನ ಹೆಸರು. ಅಮ್ಮ ರಾಗಿಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಬಾಯ್ಬಿಟ್ಟು ಅತ್ತಳು. "ನನ್ ಮಗನ್ನೂ ಸೇರಿಸವ್ರೆ ಕಣೇ!" ನಾಲ್ಕು ಸಂಜೆ ಹೀಗೇ ನಡೆಯಿತು. ಆ ಹೊತ್ತಿಗಾಗಿ ಅಮ್ಮ ಮಧ್ಯಾಹ್ನದಿಂದಲೇ ಕಾಯುತ್ತಿದ್ದಳು.

ಐದನೆಯ ದಿನ ಸತ್ತವರ ಕಡೆಯವನೊಬ್ಬ "ಇವನ್ಗೂ ದೀಪಾನಾ?" ಎಂದು ಕೊನೆಯ ಚಿಪ್ಪನ್ನು ಒದ್ದ. ಅದು ನಮ್ಮ ಹೊಸಿಲಿಗೆ ಬಂದು ಬಿತ್ತು. ಹೆದರಿಬಿಟ್ಟೆ. ನರ್ಸಮ್ಮನ ಮನೆಗೆ ಓಡಿ, "ಕೈ ಮುಗೀತೀನಿ ಸಿಸ್ಟರ್, ನಮ್ಮಣ್ಣನ ಹೆಸ್ರು ಹೇಳ್ಬ್ಯಾಡಿ. ನಾವು ಈ ಬೀದೀಲೇ ಬಾಳ್ಬೇಕು" ಅಂದೆ. ಅವರು ನನ್ನನ್ನೇ ನೋಡಿದರು. "ದೇವ್ರಿಗೆ ಮನಸ್ಸಲ್ಲೇ ಹೇಳ್ತೀನಿ ಬಿಡಮ್ಮ. ನಿಮ್ಮಮ್ಮಂಗೆ?" ಸರಸರನೆ ಮನೆಗೆ ಬಂದುಬಿಟ್ಟೆ.

ಅವತ್ತು ಆರು ಹೆಸರಾದ ಮೇಲೆ ಮೌನ. ಅಮ್ಮ ಗೋಡೆಗೆ ಕಿವಿ ಇಟ್ಟೇ ಇದ್ದಳು.

"ಯಾಕೇ ನಿಲ್ಲಿಸ್ಬುಟ್ರು? ಮರೆತ್ರಾ?"

"ಹೂಂ ಕಣಮ್ಮ, ಮರೆತಿರ್ಬೇಕು" ಅಂದೆ.

ಅಮ್ಮ ಮತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ನರ್ಸಮ್ಮ ವರ್ಷದೊಳಗೆ ವರ್ಗವಾಗಿ ಹೋದರು. ತೀರಿಕೊಂಡರೆಂದು ಆಮೇಲೆ ಯಾರೋ ಹೇಳಿದರು... ಅಮ್ಮನೂ ಇಲ್ಲ. ನರ್ಸಮ್ಮ ಮರೆತರೆಂದೇ ನಂಬಿ ಹೋದಳು. ಹೊಸಿಲಿಗೆ ಬಿದ್ದ ಚಿಪ್ಪನ್ನು ಯಾರ ಕಣ್ಣಿಗೂ ಬೀಳದಿರಲೆಂದು ಅಟ್ಟಕ್ಕೆ ಎಸೆದವಳು ನಾನೇ.

ನಿನ್ನೆ ಸಂಜೆ ಅದರಲ್ಲಿ ಬತ್ತಿ ಹಚ್ಚಿದೆ. ಪ್ರಾರ್ಥನೆ ನನಗೆ ಬರುವುದಿಲ್ಲ. ಹೆಸರೊಂದನ್ನಾದರೂ ಗಟ್ಟಿಯಾಗಿ ಹೇಳೋಣವೆಂದು ಬಾಯಿ ತೆರೆದೆ. ತೆರೆದವಳು, ಎದ್ದು ಹೋಗಿ ಮೊದಲು ಕಿಟಕಿ ಮುಚ್ಚಿದೆ.