ಕಿತ್ತು ಹಾಕಿದ ಹಳದಿ ಸಸಿಗಳು

ನಿವೃತ್ತನಾಗಿ ಇಷ್ಟು ವರ್ಷವಾದರೂ ತಳಿಶಾಸ್ತ್ರದ ಪತ್ರಿಕೆಗಳು ನನ್ನನ್ನು ಬಿಟ್ಟಿಲ್ಲ. ಆಗಾಗ ಒಂದು ಪ್ರಬಂಧ ಅಭಿಪ್ರಾಯಕ್ಕೆ ಬರುತ್ತದೆ. ಹತ್ತು ದಿನದೊಳಗೆ ಓದಿ, ಅಚ್ಚು ಹಾಕಬಹುದೋ ಬಾರದೋ ಹೇಳಬೇಕು. ಅದರ ಮೇಲೆ ಒಂದು ಲಾರಿಗಾಗುವಷ್ಟು ಜನರ ಹೆಸರಿರುತ್ತದೆ. ಅವರಲ್ಲಿ ಗಿಡವನ್ನು ಕಣ್ಣಾರೆ ಕಂಡವರು ಯಾರಿರಬಹುದು ಎಂದು ಊಹಿಸುವುದು ನನಗೊಂದು ಚಟ. ಫಲಿತಾಂಶವಂತೂ ಹಬ್ಬದ ದಿನದ ಅಂಗಳದ ಹಾಗೆ ಚೊಕ್ಕಟ, ಕಸವಿಲ್ಲ, ಅನುಮಾನವಿಲ್ಲ. ಅಂಥದ್ದು ಬಂದಾಗಲೆಲ್ಲ ನಾನು ಒಂದೇ ಪ್ರಶ್ನೆ ಬರೆದು ಕಳಿಸುತ್ತೇನೆ: ಎಣಿಸುವುದಕ್ಕೆ ಮೊದಲು ಈ ಹೊಲದಲ್ಲಿ ಯಾರು, ಏನನ್ನು ಕಿತ್ತರು? ಸಂಪಾದಕರಿಗೆ ಇದು ಮುದುಕನ ತಿಕ್ಕಲುತನ ಅನ್ನಿಸುತ್ತದೆ. ಅವರು ಮಸ್ಕಿಯಲ್ಲಿ ಕೆಲಸ ಮಾಡಿದವರಲ್ಲ.

ನಾನು ಅಲ್ಲಿಗೆ ಹೋದದ್ದು ನಿಜಾಮರ ಆಳ್ವಿಕೆ ಮುಗಿದ ಮರುವರ್ಷ. ಲಿಂಗಸುಗೂರಿನ ಕಚೇರಿಯಲ್ಲಿ ಫೈಲುಗಳು ಇನ್ನೂ ಉರ್ದುವಿನಲ್ಲಿದ್ದವು, ಮೇಲಿನವರ ಬುದ್ಧಿ ಇನ್ನೂ ದರ್ಬಾರಿನಲ್ಲಿತ್ತು. ಮಸ್ಕಿಯ ಗುಡ್ಡದ ಕೆಳಗೆ, ಎರೆ ಹೊಲದಲ್ಲಿ, ಸರ್ಕಾರದ ಜೋಳದ ಪ್ರಯೋಗ ನಡೆಯುತ್ತಿತ್ತು. ನಾನು ಅದರ ಸಹಾಯಕ. ಅದೇ ಗುಡ್ಡದಲ್ಲಿ ಚಕ್ರವರ್ತಿಯೊಬ್ಬ ಎರಡು ಸಾವಿರ ವರ್ಷಗಳ ಹಿಂದೆ ಕೊರೆಸಿದ ಶಾಸನವಿದೆ. ಬೇರೆ ಬಹಳ ಕಡೆ ಬರೀ ಬಿರುದು ಹಾಕಿಸಿ ಸುಮ್ಮನಾದವನು ಇಲ್ಲಿ ತನ್ನ ಹೆಸರನ್ನೇ ಹಾಕಿಸಿದ್ದಾನೆ. ಬಂಡೆಗೆ ಉಳಿ ಹಿಡಿದವನ ಹೆಸರಿಲ್ಲ. ಪ್ರಬಂಧದ ಮೇಲೆ ಯಾರ ಹೆಸರು ಬರಬೇಕು ಎಂಬುದು ನಮ್ಮ ಸೀಮೆಯಲ್ಲಿ ಅಷ್ಟು ಹಿಂದೆಯೇ ತೀರ್ಮಾನವಾಗಿತ್ತು.

ಒಂದು ಹಿಂಗಾರಿನಲ್ಲಿ ಎಲೆ ಹಳದಿಯಾದ ಜೋಳದ ಗಿಡವೊಂದು ಕಣ್ಣಿಗೆ ಬಿತ್ತು. ರೋಗವಲ್ಲ, ಹುಟ್ಟುಗುಣ. ಅದನ್ನು ಹಸಿರು ಗಿಡದೊಂದಿಗೆ ಕೂಡಿಸಿ ಬೀಜ ತೆಗೆದೆ. ಮೊದಲ ಪೀಳಿಗೆ ಎಲ್ಲವೂ ಹಸಿರೇ ಬಂತು. ಎರಡನೆಯ ಪೀಳಿಗೆಯಲ್ಲಿ ನಾಲ್ಕಕ್ಕೊಂದು ಹಳದಿ ಬರಬೇಕು. ಮಠದ ಹಿತ್ತಲಲ್ಲಿ ಬಟಾಣಿ ಬೆಳೆದ ಪರದೇಶದ ಸನ್ಯಾಸಿಯೊಬ್ಬ ಕಂಡುಹಿಡಿದ ಲೆಕ್ಕ ಅದು, ಕಾಲೇಜಿನ ಮೊದಲ ಪಾಠ. ಆದರೆ ಹೈದರಾಬಾದಿನಲ್ಲಿ ಕೂತು ನಮ್ಮ ಪ್ರಯೋಗಗಳನ್ನು ನಡೆಸುತ್ತಿದ್ದ ದೊಡ್ಡ ಸಾಹೇಬರಿಗೆ ಆ ಲೆಕ್ಕ ಕಂಡರೆ ಆಗುತ್ತಿರಲಿಲ್ಲ. ಮಣ್ಣು ಬಲವಾಗಿದ್ದರೆ ಕೆಟ್ಟ ಗುಣ ತಾನಾಗಿ ತೊಳೆದುಹೋಗುತ್ತದೆ ಎಂಬುದು ಅವರ ಸಿದ್ಧಾಂತ.

ಎರಡನೆಯ ಪೀಳಿಗೆ ಬಿತ್ತಿ ಮೊಳಕೆ ಏಳುವ ಹೊತ್ತಿಗೆ ನನ್ನನ್ನು ಸಿಂಧನೂರಿಗೆ ಕಳಿಸಿದರು. ಮುಂದೆಂದೋ ಕಾಲುವೆ ನೀರು ಕಾಣಲಿರುವ ಹೊಲಗಳ ಮಣ್ಣನ್ನು ಚೀಲಕ್ಕೆ ತುಂಬಿ ಚೀಟಿ ಕಟ್ಟುವ ಕೆಲಸ. ಮೂರು ವಾರದ ಮೇಲೆ ಮಸ್ಕಿಗೆ ಬಂದು ನೋಡಿದರೆ ಸಾಲುಗಳಲ್ಲಿ ಒಂದೇ ಒಂದು ಹಳದಿ ಸಸಿ ಇಲ್ಲ. ಮೊದಲಿನಿಂದ ಕೊನೆಯವರೆಗೆ ಮೂರು ಸಲ ನಡೆದೆ. ವಯಸ್ಸು ಇಪ್ಪತ್ತಮೂರು, ಬಟಾಣಿ ಸನ್ಯಾಸಿಯನ್ನು ಸೋಲಿಸಿದ್ದೇನೆ ಎಂಬ ಹಿಗ್ಗಿನಲ್ಲಿ ಅಂದು ರೊಟ್ಟಿ ತಿನ್ನುವುದನ್ನೇ ಮರೆತೆ.

ಹಳದಿ ಗುಣ ತೊಳೆದುಹೋಯಿತೆಂದು ಪ್ರಬಂಧ ಬರೆದು, ಅದನ್ನು ಲಿಂಗಸುಗೂರಿನ ಕೋರ್ಟಿನ ಮುಂದೆ ಅರ್ಜಿ ಟೈಪು ಮಾಡುವವನಿಂದ ಟೈಪು ಮಾಡಿಸಿದೆ. ಅಭ್ಯಾಸಬಲದಿಂದ ಅವನು ಕೊನೆಗೆ ‘ದಯಮಾಡಿ ಮನ್ನಿಸಿ ಕಾಪಾಡಬೇಕೆಂದು ಬೇಡುವ ತಮ್ಮ ವಿಧೇಯ’ ಎಂದು ಹೊಡೆದಿದ್ದ. ನಾನು ಅದಕ್ಕೆ ಕಾಟು ಹಾಕಿದೆ. ಈಗಿನ ಪ್ರಬಂಧಗಳನ್ನು ಓದುವಾಗ ಆ ಸಾಲನ್ನು ಉಳಿಸಿಕೊಳ್ಳಬೇಕಿತ್ತು ಅನ್ನಿಸುತ್ತದೆ. ಎಲ್ಲರೂ ಬೇಡುತ್ತಿರುವುದು ಅದನ್ನೇ, ಬಾಯಿಬಿಟ್ಟು ಹೇಳುವವರಿಲ್ಲ ಅಷ್ಟೇ. ಸಾಹೇಬರು ತಮ್ಮ ಹೆಸರನ್ನು ಮೊದಲು ಹಾಕಿ, ನನ್ನದನ್ನು ಎರಡನೆಯದಾಗಿ ಉಳಿಸಿ, ಬೇಗನೆ ಅಚ್ಚು ಹಾಕಿಸಿದರು. ಆ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ಅವರೂ ಇದ್ದರು ಎನ್ನುವುದು ಬೇರೆ ಮಾತು.

ಮರುವರ್ಷ ಆ ಹಸಿರು ಗಿಡಗಳ ಬೀಜವನ್ನೇ ಬಿತ್ತಿದೆವು. ಈ ಸಲ ನಾನು ಹೊಲದಲ್ಲೇ ಇದ್ದೆ. ಜೋಳವನ್ನು ಒತ್ತಾಗಿ ಬಿತ್ತಿ, ಸಸಿ ಗೇಣುದ್ದ ಬಂದ ಮೇಲೆ ಹೆಚ್ಚಾದದ್ದನ್ನು ಕಿತ್ತು ಸಾಲು ತೆಳುವು ಮಾಡುವುದು ಅಲ್ಲಿಯ ರೂಢಿ. ಕೂಲಿ ಹೆಣ್ಣುಮಕ್ಕಳಿಗೆ ಮುಂದಾಳಾಗಿ ಒಬ್ಬಾಕೆ ಇದ್ದಳು, ನನ್ನ ತಾಯಿಯ ವಯಸ್ಸಿನವಳು. ಕೆಲವು ಸಾಲುಗಳಲ್ಲಿ ಅಲ್ಲಲ್ಲಿ ಹಳದಿ ಸಸಿ ಎದ್ದಿತ್ತು. ಪಕ್ಕದವಳೊಂದಿಗೆ ಮಾತಾಡುತ್ತಲೇ ಇದ್ದರೂ ಆಕೆಯ ಕೈ ಮೊದಲು ಹೋಗುತ್ತಿದ್ದದ್ದು ಹಳದಿ ಸಸಿಗೆ.

“ಅವ್ವಾ, ಹೋದ ವರ್ಷನೂ ಹಳದಿ ಸಸಿ ಕಿತ್ತಿದ್ದೇನು?” ಎಂದು ಕೇಳಿದೆ.

“ಕೀಳದ ಪೂಜಿ ಮಾಡ್ತಾರೇನ್ರೀ ಸಾಹೇಬ್ರ? ಬುಟ್ಟಿಗಟ್ಲೆ ಬಂದಿದ್ದುವು. ಸರ್ಕಾರದ ಹೊಲ, ಚಂದ ಕಾಣ್ಲಿ ಅಂತ ಒಂದೂ ಬಿಡ್ಲಿಲ್ಲ. ಎಲ್ಲಾ ಬದುವಿನ ಮ್ಯಾಲ ಒಗದೆ.”

ತಪ್ಪು ಆಕೆಯದಲ್ಲ. ಆಕೆ ತನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದ್ದಳು. ಕೀಳಬೇಡ ಎಂದು ಹೇಳದೆ ಹೋದವನು ನಾನು. ಸಾಲು ತೆಳುವು ಮಾಡುತ್ತಾರೆಂದು ಗೊತ್ತಿದ್ದೂ ಅದನ್ನು ನೆನಪಿಗೆ ತಂದುಕೊಳ್ಳದವನೂ ನಾನೇ. ಬೇಕಾದ ಉತ್ತರ ಕೈಗೆ ಬಂದಾಗ ಮರುಪ್ರಶ್ನೆ ಹೊಳೆಯುವುದಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಆದರೂ ಸಾಹೇಬರಿಗೆ ಎಲ್ಲವನ್ನೂ ಬರೆದೆ. ತಪ್ಪು ನನ್ನದು, ತಿದ್ದುಪಡಿ ಅಚ್ಚು ಹಾಕಿಸಬೇಕು ಎಂದೆ. ಅವರು ಪ್ರವಾಸಕ್ಕೆ ಬಂದಾಗ ಜೀಪಿನಿಂದ ಇಳಿಯದೆಯೇ ಉತ್ತರ ಕೊಟ್ಟರು. ಕೂಲಿ ಹೆಂಗಸಿನ ಮಾತಿಗೆ ಉಲ್ಲೇಖ ಎಲ್ಲಿದೆ? ಅದು ಯಾವ ಪತ್ರಿಕೆಯಲ್ಲಿ ಬಂದಿದೆ? ಅಚ್ಚಾದದ್ದನ್ನು ಅಲ್ಲಗಳೆಯಬೇಕಾದರೆ ಅಚ್ಚಾದದ್ದೇ ಬೇಕು ಎಂದರು. ಇಂಥ ಗಟ್ಟಿ ತರ್ಕವನ್ನು ಆಮೇಲೆ ದೊಡ್ಡ ದೊಡ್ಡ ಸಮ್ಮೇಳನಗಳಲ್ಲೂ ಕೇಳಿದ್ದೇನೆ, ಒಳ್ಳೆಯ ಇಂಗ್ಲಿಷಿನಲ್ಲಿ.

ಸರಿ, ಅಚ್ಚಾಗುವಂಥದ್ದನ್ನೇ ಕೊಡೋಣವೆಂದು ಪ್ರಯೋಗವನ್ನು ಹೊಸದಾಗಿ ಮಾಡಿದೆ. ಹಳದಿ ಬಂದರೂ ಕೀಳಬೇಡ, ಯಾವ ಸಸಿಯನ್ನೂ ಕೀಳಬೇಡ ಎಂದು ಆಕೆಗೆ ಹೇಳಿದೆ. ಆಕೆಗೆ ಅದು ಹುಚ್ಚು ಅನ್ನಿಸಿತು. ಸಾಲಿನಲ್ಲಿ ಕೂತರೆ ಬೆರಳು ಸುಮ್ಮನಿರುವುದಿಲ್ಲವೆಂದು ಎರಡು ದಿನ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದಳು. ಆಮೇಲೆ ಅದೇ ಆಕೆಗೆ ಹಟವಾಯಿತು. ಬೇರೆಯವರು ಕಿತ್ತಾರೆಂದು ಹಳದಿ ಸಸಿಗಳ ಪಕ್ಕ ಕಡ್ಡಿ ನೆಟ್ಟಳು. ಉಡಿಯಲ್ಲಿ ಹರಳು ಹಾಕಿಕೊಂಡು ತಾನೇ ಎಣಿಸತೊಡಗಿದಳು, ಹಸಿರಿಗೆ ಕರಿ ಹರಳು, ಹಳದಿಗೆ ಬಿಳಿ ಹರಳು.

“ಮೂರು ಹಸರಿಗೆ ಒಂದು ಹಳದಿ ಬರಾಕತ್ತೈತ್ರೀ. ಹೋದ ಸಾಲಿನಾಗೂ ಹಂಗ, ಈ ಸಾಲಿನಾಗೂ ಹಂಗ. ಯಾಕ್ರೀ?” ಎಂದು ಒಂದು ದಿನ ಕೇಳಿದಳು.

ಬದುವಿನ ಮೇಲೆ ಕೂತು ಅವಳ ಹರಳುಗಳಿಂದಲೇ ತೋರಿಸಿಕೊಟ್ಟೆ. ಗಮನವಿಟ್ಟು ಕೇಳಿದಳು. ಹಾಗಾದರೆ ಹಸಿರಿನ ಹೊಟ್ಟೆಯಲ್ಲಿ ಹಳದಿ ಅಡಗಿ ಕೂತಿರುತ್ತದೆ ಎಂದು ತನ್ನ ಮಾತಿನಲ್ಲಿ ಹೇಳಿಕೊಂಡಳು. ನಾನು ಜೀವಮಾನದಲ್ಲಿ ಕಲಿಸಿದ ಎಷ್ಟೋ ವಿದ್ಯಾರ್ಥಿಗಳು ಅಷ್ಟು ಬೇಗ ಹಿಡಿದದ್ದಿಲ್ಲ.

ಈ ಹೊಸ ಪ್ರಬಂಧ ಆರು ತಿಂಗಳಿಗೆ ಹಿಂದಕ್ಕೆ ಬಂತು, ಇಬ್ಬರು ಪಂಡಿತರ ಅಭಿಪ್ರಾಯದೊಂದಿಗೆ. ಇದರಲ್ಲಿ ಹೊಸದೇನೂ ಇಲ್ಲ, ಶಾಲೆಯ ಮಕ್ಕಳಿಗೂ ಗೊತ್ತು ಎಂದು ಒಬ್ಬರು. ಇದೇ ಹೊಲದಿಂದ ಅಚ್ಚಾದ ಮಹತ್ವದ ಪ್ರಬಂಧಕ್ಕೆ ಇದು ವಿರುದ್ಧವಾಗಿರುವುದರಿಂದ ಲೇಖಕನ ವಿಧಾನ ಸಂಶಯಾಸ್ಪದ ಎಂದು ಇನ್ನೊಬ್ಬರು. ಮತ್ತೆರಡು ಸಲ ಕಳಿಸಿದೆ, ಮತ್ತೆರಡು ಸಲ ಬಂತು. ಅಷ್ಟರಲ್ಲಿ ಸಾಹೇಬರಿಗೆ ಬಡ್ತಿಯಾಗಿತ್ತು, ನನ್ನ ನೌಕರಿ ಕಾಯಂ ಆಗಿತ್ತು. ಎರಡೂ ಹಳೆಯ ಪ್ರಬಂಧದ ಪುಣ್ಯ. ನಾಲ್ಕನೆಯ ಸಲ ನಾನು ಕಳಿಸಲಿಲ್ಲ. ಆಕೆ ಮಾತ್ರ ಪ್ರತಿ ಹಿಂಗಾರಿಗೂ ಹಳದಿ ಸಸಿ ಕಾಯುತ್ತ, ಹರಳು ಎಣಿಸುತ್ತ ಇದ್ದಳು.

1956ರ ನವೆಂಬರಿನಲ್ಲಿ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ತಿಂಗಳು ಹೊಸ ಸರ್ಕಾರದ ಸಮಿತಿಯೊಂದು ಮಸ್ಕಿಗೆ ಬರುತ್ತದೆಂದು ಕಾಗದ ಬಂತು. ಅವರು ನನ್ನ ಪ್ರಬಂಧ ಓದಿದ್ದರು, ಅಚ್ಚಾದದ್ದನ್ನು. ಹಳದಿ ಹುಟ್ಟದ ಆ ಹೊಲವನ್ನು ನೋಡಿ, ಮನಸ್ಸಿಗೆ ಬಂದರೆ ನನ್ನನ್ನು ಮೇಲಿನ ಓದಿಗೆ ಹೊರದೇಶಕ್ಕೆ ಕಳಿಸುವವರಿದ್ದರು. ಆ ಓದಿನ ಆಸೆಯಲ್ಲಿ ನಾನು ಮಸ್ಕಿಯ ಬಿಸಿಲಲ್ಲಿ ಏಳು ವರ್ಷ ಕಳೆದಿದ್ದೆ. ಸಾಲುಗಳಲ್ಲಿ ಹಳದಿ ಸಸಿಗಳು ಕಡ್ಡಿಯ ಪಕ್ಕ ಚೆನ್ನಾಗಿ ಎದ್ದು ನಿಂತಿದ್ದವು.

ಸಮಿತಿ ಬರುವ ದಿನ ಬೆಳಿಗ್ಗೆ ಬೇಗ ಹೊಲಕ್ಕೆ ಹೋದೆ. ಆಕೆ ಆಗಲೇ ಬಂದಿದ್ದಳು.

“ಅವ್ವಾ, ಇವತ್ತು ಹಳದಿ ಸಸಿ ಎಲ್ಲಾ ಕಿತ್ತುಬಿಡು,” ಎಂದೆ.

“ಇಡು ಅಂತ ಹೇಳಿದವ್ರು ನೀವ ಅಲ್ಲೇನ್ರೀ? ಐದು ವರ್ಸ ಜ್ವಾಪಾನ ಮಾಡೀನಿ.”

“ದೊಡ್ಡವ್ರು ಬರಾಕತ್ತಾರ. ಹೊಲ ಚಂದ ಕಾಣಬೇಕು.”

ಆಕೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಅವತ್ತು ನಾ ತಿಳೀಲಾರದ ಕಿತ್ತಿದ್ದೆ. ಈಗ ನನ್ನ ಕೈಲಿ ಆಗೂದಿಲ್ರೀ. ನೀವ ಕೀಳ್ರಿ,” ಎಂದು ತನ್ನ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.

ನಾನು ಬಗ್ಗಿ ಕಿತ್ತೆ. ಕಡ್ಡಿಗಳನ್ನೂ ಕಿತ್ತೆ. ಬುಟ್ಟಿ ತುಂಬುವ ಹೊತ್ತಿಗೆ ರಸ್ತೆಯಲ್ಲಿ ಮೋಟಾರು ನಿಂತ ಸದ್ದಾಯಿತು, ಬದುವಿಗೆ ಹೋಗಿ ಸುರಿದು ಬರುವಷ್ಟು ವೇಳೆ ಇರಲಿಲ್ಲ, ಆಕೆಯ ಪಕ್ಕದಲ್ಲೇ ಇಟ್ಟೆ.

ಸಮಿತಿಯವರು ಸಾಲುಗಳ ನಡುವೆ ಓಡಾಡಿದರು, ಬಹಳ ಮೆಚ್ಚಿಕೊಂಡರು. ಅವರಲ್ಲಿ ಹಿರಿಯರೊಬ್ಬರು ಆಕೆಯನ್ನೇ ಕೇಳಿದರು: “ಏನಮ್ಮಾ, ಇಲ್ಲಿ ಹಳದಿ ಸಸಿ ಬರುವುದೇ ಇಲ್ಲವೇ?”

ಆಕೆ ಬುಟ್ಟಿಯ ಮೇಲೆ ಸೆರಗು ಎಳೆದು ಮುಚ್ಚಿಕೊಂಡು, “ಸಾಹೇಬ್ರನ್ನ ಕೇಳ್ರಿ,” ಎಂದಳು.

ಅವರು ನನ್ನ ಕಡೆ ತಿರುಗಿದರು. ಬರುವುದಿಲ್ಲ ಎಂದು ಹೇಳಿದೆ.